ಕರ್ನಲ್ ಗ್ರಿಂಡಲ್‌ನ ಕೊಳೆ ಅಂಗಿಗಳು

ಹ್ಯಾಕ್ಬರಿ ಊರಿಗೆ ಹದಿನೈದು ದಿನಕ್ಕೊಮ್ಮೆ ಕರ್ನಲ್ ಆಲ್ಫಿಯಸ್ ಗ್ರಿಂಡಲ್‌ನ ಅಂಗಿಗಳು ಬರುತ್ತಿದ್ದವು. ಕರ್ನಲ್ ಬರುತ್ತಿರಲಿಲ್ಲ.

ಕರ್ನಲ್ ಅಂದ ಕೂಡಲೇ ಯುದ್ಧ ಗಿದ್ಧ ಅಂತ ಯಾರೂ ಹೆದರಬೇಕಾಗಿಲ್ಲ. ನಮ್ಮ ಇಂಡಿಯಾನಾದಲ್ಲಿ ಆ ಕಾಲಕ್ಕೆ ವರ್ಷಕ್ಕೊಂದು ದಿನ ಊರ ಗಂಡಸರೆಲ್ಲ ಕೋವಿ ಇದ್ದವರು ಕೋವಿ, ಇಲ್ಲದವರು ಕೊಡೆಯೋ ಕೋಲೋ ಹೆಗಲಿಗೇರಿಸಿಕೊಂಡು ಬಯಲಲ್ಲಿ ಕವಾಯತು ಮಾಡುತ್ತಿದ್ದರು. ಅದು ಮುಗಿದ ಮೇಲೆ ವಿಸ್ಕಿ ಪೀಪಾಯಿಯ ಸುತ್ತ ಕೂರುತ್ತಿದ್ದರು. ಪೀಪಾಯಿ ತರಿಸಿದವನನ್ನು ಕರ್ನಲ್ ಎಂದು ಆರಿಸುತ್ತಿದ್ದರು. ಕುದುರೆ ಜೀನು ಹೊಲಿಯುತ್ತಿದ್ದ ಆಲ್ಫಿಯಸ್ ಒಂದು ವರ್ಷ ಎರಡು ಪೀಪಾಯಿ ತರಿಸಿದ. ಅಲ್ಲಿಂದ ಅವನು ಕರ್ನಲ್ ಸಾಹೇಬನಾದ, ಅವನ ಹೆಂಡತಿ ಲವೈನಾ ಕರ್ನಲಮ್ಮನಾದಳು. ಕರ್ನಲ್ ಆದವನು ಜೀನು ಹೊಲಿಯುತ್ತಾ ಕೂರುತ್ತಾನೆಯೇ? ಚುನಾವಣೆಗೆ ನಿಂತ, ಗೆದ್ದ, ವಾಷಿಂಗ್ಟನ್ನಿನ ದೊಡ್ಡ ಸಭೆಗೆ ಮೆಂಬರಾಗಿ ಹೋದ.

ಮೆಂಬರಾದವನಿಗೆ ಒಂದು ದೊಡ್ಡ ಅನುಕೂಲವಿತ್ತು. ಅಂಚೆ ಕಟ್ಟಿನ ಮೂಲೆಯಲ್ಲಿ ಅವನ ರುಜು ಇದ್ದರೆ ಅಂಚೆಯವರು ಕಾಸು ಕೇಳುವಂತಿರಲಿಲ್ಲ. ಅವನಿಗೆ ಬರುವ ಕಟ್ಟಿಗೂ ಹಾಗೆಯೇ. ಸರ್ಕಾರದ ಸಮಾಚಾರ ಜನರಿಗೆ ಮುಟ್ಟಲಿ ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಆಲ್ಫಿಯಸ್ ಸಮಾಚಾರ ಮುಟ್ಟಿಸದೆ ಇರಲಿಲ್ಲ. ತಾನು ಸಭೆಯಲ್ಲಿ ಮಾಡಿದ ಭಾಷಣ, ಮಾಡದೇ ಇದ್ದ ಭಾಷಣ, ಎರಡನ್ನೂ ಅಚ್ಚು ಹಾಕಿಸಿ ಮನೆಮನೆಗೆ ಕಳಿಸುತ್ತಿದ್ದ. ಅವು ಒಲೆ ಹೊತ್ತಿಸಲಿಕ್ಕೆ ಬಹಳ ಚೆನ್ನಾಗಿ ಬರುತ್ತಿದ್ದವು. ಸರ್ಕಾರ ಹಂಚಲು ಕೊಡುತ್ತಿದ್ದ ಕೋಸು, ಟರ್ನಿಪ್ಪು, ಕುಂಬಳದ ಬೀಜಗಳನ್ನೂ ಪೊಟ್ಟಣ ಕಟ್ಟಿ ಕಳಿಸುತ್ತಿದ್ದ. ಆ ಬೀಜ ಯಾರ ಹಿತ್ತಲಲ್ಲೂ ಮೊಳೆಯಲಿಲ್ಲ. ಆದರೆ ವೋಟು ಮಾತ್ರ ಸೊಗಸಾಗಿ ಮೊಳೆಯುತ್ತಿತ್ತು. ಅದರ ಜೊತೆಗೆ, ಹದಿನೈದು ದಿನಕ್ಕೊಮ್ಮೆ, ಅದೇ ರುಜು ಹಾಕಿ ತನ್ನ ಕೊಳೆ ಬಟ್ಟೆಯನ್ನು ಹೆಂಡತಿಗೆ ಒಗೆಯಲು ಕಳಿಸುತ್ತಿದ್ದ. ವಾಷಿಂಗ್ಟನ್ನಿನ ಅಗಸಗಿತ್ತಿಯರು ಬಹಳ ಕಾಸು ಕೀಳುತ್ತಾರಂತೆ.

ಅಂಚೆ ಪೇದೆ ಅಲ್ಲ, ಅಂಚೆ ಮಾಸ್ತರ ಎನಾಕ್ ಸ್ಪಿಟ್ಲರನೇ ಆ ಕಟ್ಟನ್ನು ಕೈ ಚಾಚಿ ದೂರ ಹಿಡಿದು ಲವೈನಾಗೆ ಕೊಡುತ್ತಿದ್ದ. ಅವನಿಗೆ ಆ ಕೆಲಸ ಕೊಡಿಸಿದ್ದು ಆಲ್ಫಿಯಸ್ಸೇ.

"ಕರ್ನಲಮ್ನೋರೇ, ಸರ್ಕಾರಿ ಕಾಗದಪತ್ರ ಬಂದಿದೆ. ವಾಸನೆ ನೋಡಿದ್ರೆ ಈ ಸಲ ಭಾರಿ ಗಂಭೀರವಾದ ವಿಷಯ ಇದ್ದಂಗಿದೆ."

"ಗಂಭೀರಾನೇ ಇರಬೇಕು ಸ್ಪಿಟ್ಲರ್. ಬೇಸಿಗೆ ಅಲ್ವಾ?" ಎನ್ನುತ್ತಿದ್ದಳು ಲವೈನಾ.

ಸೋಮವಾರ ಬೂದಿನೀರಿನ ಸೋಪು ಹಚ್ಚಿ ಆ ಅಂಗಿಗಳನ್ನು ಉಜ್ಜುವಾಗ ಅವಳಿಗೆ ಗಂಡನ ಅಲ್ಲಿನ ಬದುಕೆಲ್ಲ ತಿಳಿಯುತ್ತಿತ್ತು. ಊರಿನಲ್ಲಿ ಅವನಿಗೆ 'ಖಜಾನೆಯ ಕಾವಲುನಾಯಿ' ಎಂದು ಹೆಸರು. ಸರ್ಕಾರದ ಒಂದು ಕಾಸು ಪೋಲಾದರೂ ಎದ್ದು ಬೊಗಳುತ್ತಾನೆ, ತಾನು ಒಣ ಬಿಸ್ಕತ್ತು ಗಿಣ್ಣು ತಿಂದು ಬದುಕುತ್ತಾನೆ ಎಂದು ಜನ ನಂಬಿದ್ದರು. ಅಂಗಿಯ ಎದೆಯ ಮೇಲೆ ಬಾತುಕೋಳಿಯ ಗೊಜ್ಜು, ಕಡಲ ಸಿಂಪಿಯ ಸಾರು, ಕೆಂಪು ವೈನು ಒಂದರ ಮೇಲೊಂದು ಕೂತಿರುತ್ತಿದ್ದವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಲವೈನಾಗೆ ಅದರ ಮೇಲೆ ಅಂಥ ಸಿಟ್ಟೇನೂ ಇರಲಿಲ್ಲ. ತಿನ್ನಲಿ, ಗಂಡಸು. ಇಲ್ಲಿ ಬಂದು ತಿನ್ನಲಿ ಎಂಬುದಷ್ಟೇ ಅವಳ ಆಸೆ.

ಅವಳಿಗೆ ಬೇಕಾಗಿದ್ದದ್ದು ಅದೊಂದೇ: ಗಂಡ ಮನೆಗೆ ಬರಬೇಕು. ಜೀನಿನ ಅಂಗಡಿ ಇದ್ದ ಕಾಲದಲ್ಲಿ ಸಂಜೆ ಅವನು ತೊಗಲು ಹೊಲಿಯುತ್ತಿದ್ದ, ಅವಳು ಎದುರು ಕೂತು ನೂಲಿಗೆ ಮೇಣ ತಿಕ್ಕುತ್ತಿದ್ದಳು, ಇಬ್ಬರೂ ಊರಿನವರ ಮೇಲೆಲ್ಲ ಚಾಡಿ ಹೇಳಿಕೊಂಡು ನಗುತ್ತಿದ್ದರು. ಇದ್ದೊಬ್ಬ ಮಗಳು ಮದುವೆಯಾಗಿ ದೂರದ ಅಯೋವಾಕ್ಕೆ ಹೋದ ಮೇಲೆ ಆ ಸಂಜೆಗಳನ್ನು ಬಿಟ್ಟರೆ ಅವಳಿಗೆ ಬೇರೆ ಏನೂ ಉಳಿದಿರಲಿಲ್ಲ. ಮೊದಲನೇ ಚುನಾವಣೆಯಲ್ಲಿ ಅವನು "ಇದೊಂದೇ ಸಲ ಕಣೇ" ಅಂದಿದ್ದ. ಎರಡನೇದರಲ್ಲಿ "ಹಿಡಿದ ಕೆಲಸ ಮುಗಿಸಬೇಡವಾ?" ಅಂದ. ಮೂರನೇದರಲ್ಲಿ "ದೇಶ ಕಷ್ಟದಲ್ಲಿದೆ" ಅಂದ. ದೇಶ ಯಾವತ್ತು ಕಷ್ಟದಲ್ಲಿರಲಿಲ್ಲ? "ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗಿ" ಅಂದರೆ, ಅಲ್ಲಿ ಮೆಂಬರುಗಳೆಲ್ಲ ಒಂದೇ ಮನೆಯಲ್ಲಿ ಗುಂಪಾಗಿ ಉಳಿದುಕೊಳ್ಳುತ್ತಾರೆ, ತಂಬಾಕು ಉಗುಳುತ್ತಾರೆ, ಮರ್ಯಾದಸ್ಥ ಹೆಂಗಸರು ಇರುವ ಜಾಗ ಅಲ್ಲ ಅನ್ನುತ್ತಿದ್ದ.

ಹೀಗೆ ಆರು ವರ್ಷ ನಡೆಯಿತು. ನಾಲ್ಕನೇ ಚುನಾವಣೆ ಹತ್ತಿರ ಬಂದಾಗ ವಾಷಿಂಗ್ಟನ್ನಿನಲ್ಲಿ ಕೂತು ಕಟ್ಟುಗಳಿಗೆ ರುಜು ಹಾಕುವ ಅವಸರದಲ್ಲಿ ಆಲ್ಫಿಯಸ್ ಒಂದು ತಪ್ಪು ಮಾಡಿದ. ಆ ಸಲ ಲವೈನಾ ಕಟ್ಟು ಬಿಚ್ಚಿದರೆ ಒಳಗೆ ಟರ್ನಿಪ್ ಬೀಜ. ಗಂಡನಿಗೆ ತಲೆ ಕೆಟ್ಟಿತೇನೋ ಅಂದುಕೊಂಡು ಅವಳು ಬೀಜವನ್ನು ಕೋಳಿಗಳಿಗೆ ಹಾಕಿದಳು. ಕೋಳಿಗಳೂ ಮುಟ್ಟಲಿಲ್ಲ.

ಭಾನುವಾರ ಚರ್ಚಿನಲ್ಲಿ ಸಂಗತಿ ತಿಳಿಯಿತು. ಓಬದ್ ಟಿಲ್ಸನ್ ಎಂಬ ರೈತ, ಆಲ್ಫಿಯಸ್ಸನಿಗೆ ಮೂರು ಚುನಾವಣೆಯಲ್ಲೂ ವೋಟು ಹಾಕದ ಹಠಮಾರಿ, ತೆಳು ಲಿನನ್ನಿನ ಬಿಳಿ ಅಂಗಿ ಹಾಕಿಕೊಂಡು ಗಂಡಸರ ಸಾಲಿನಲ್ಲಿ ಎದೆ ಉಬ್ಬಿಸಿ ಕೂತಿದ್ದ. ಮೊಣಕೈ ಹತ್ತಿರ ಲವೈನಾ ತಾನೇ ಹಾಕಿದ್ದ ಹೊಲಿಗೆ ಕಂಡಿತು. ಎದೆಯ ಮೇಲೆ ಸಿಂಪಿಯ ಸಾರಿನ ಕಲೆ. ಅವಳ ಕೈಯಿಂದ ಕೀರ್ತನೆ ಪುಸ್ತಕ ಜಾರಿ ಬಿತ್ತು.

ಪ್ರಾರ್ಥನೆ ಮುಗಿದದ್ದೇ ಗಂಡಸರೆಲ್ಲ ಹೊರಗಿನ ಮರದ ಕೆಳಗೆ ಓಬದ್‌ನನ್ನು ಸುತ್ತಿಕೊಂಡರು.

"ಏನ್ಲಾ ಓಬದ್, ಮದುವೆ ಗಂಡು ಬಂದಂಗೆ ಬಂದಿದೀಯಾ?"

"ಗೌರ್ಮೆಂಟು ಕಳಿಸ್ತು ಕಣ್ರಪ್ಪಾ. ನಾಲ್ಕು ಅಂಗಿ, ಎರಡು ಒಳಚಡ್ಡಿ, ಒಂದು ರಾಶಿ ಕಾಲುಚೀಲ. ಬೀಜ ಆಯ್ತು, ಈಗ ಬಟ್ಟೆ ಶುರು ಮಾಡವ್ರೆ. ಮ್ಯಾಲೆ ಕರ್ನಲ್ ಸಾಹೇಬ್ರ ರುಜುನೂ ಐತೆ, ಬಂದು ನೋಡ್ರಿ ಬೇಕಾದ್ರೆ."

"ನಿಂಗ್ಯಾಕ್ಲಾ ಕಳಿಸ್ತಾರೆ? ನೀನು ಅವರಿಗೆ ವೋಟೇ ಹಾಕಿಲ್ಲ. ಮೂರು ಸಲಾನೂ ಹಾಕ್ದೋನು ನಾನು!"

"ಅದಕ್ಕೇ ನಿಂಗೆ ಕಳಿಸಿಲ್ಲ. ಹಾಕೋನು ಹೆಂಗೂ ಹಾಕ್ತಾನೆ, ಅವನಿಗೆ ಯಾಕೆ ಅಂಗಿ ದಂಡ?"

"ಕೊರಳಪಟ್ಟಿ ಕರ್ರಗಿದೆಯಲ್ಲೋ?"

"ಗೌರ್ಮೆಂಟಿಂದು ಯಾವುದು ಸರಿಯಾಗಿ ಬಂದೈತೆ? ಬೀಜ ನೋಡಿಲ್ವಾ ನೀನು?"

ಹೆಂಗಸರ ಕಡೆ ಓಬದ್‌ನ ಹೆಂಡತಿ ಪರ್ಸಿಸ್ ಲವೈನಾಳ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಒಳಚಡ್ಡಿಗೆ ಹಾಕಿರೋ ನೀಲಿ ತೇಪೆ ನಿಮ್ಮನೆ ಪಡಸಾಲೆ ಪರದೆದೇ ಅಲ್ವಾ?"

ಲವೈನಾಳ ಮುಖ ಕೆಂಪಾಯಿತು. "ಅದೇ ಕಣೇ ಪರ್ಸಿಸ್."

"ನಾನೇನೂ ಹೇಳಕ್ಕೆ ಹೋಗಲ್ಲ ಬಿಡಿ. ನಮ್ಮೋರು ಮದುವೆ ದಿನಾನೂ ಇಷ್ಟು ಖುಷಿಯಾಗಿರಲಿಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮೂರಿನವರು. ಸೋಮವಾರ ಬೆಳಗ್ಗೆ ಸ್ಪಿಟ್ಲರನ ಅಂಚೆಮನೆ ಮುಂದೆ ಜಾತ್ರೆ ಸೇರಿತು. ತನ್ನ ಅಂಗಿ ಬಂತಾ ಅಂತ ಒಬ್ಬ, ತನ್ನದು ದಪ್ಪ ಮೈ, ದೊಡ್ಡದು ಕಳಿಸಲು ಬರೆಯಿರಿ ಅಂತ ಇನ್ನೊಬ್ಬ, ಸತ್ತುಹೋದ ಅಣ್ಣನ ಪಾಲಿನದು ತನಗೇ ಬರಬೇಕು ಅಂತ ಮತ್ತೊಬ್ಬ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಸ್ಪಿಟ್ಲರನಿಗೆ ಎಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದನ್ನು ಹೇಳುವವನಿಗೆ ಅಂಚೆ ಮಾಸ್ತರಿಕೆ ಉಳಿಯುತ್ತದೆಯೇ? ಅವನು ಬಾಗಿಲು ಹಾಕಿಕೊಂಡ.

ಸಭೆ ಮುಗಿಸಿಕೊಂಡು ಚುನಾವಣೆಗೆಂದು ಊರಿಗೆ ಬಂದ ಆಲ್ಫಿಯಸ್ ದೋಣಿಕಟ್ಟೆಯಿಂದ ಮನೆಗೆ ಬರುವುದರೊಳಗೆ ಬೆವೆತುಹೋಗಿದ್ದ. ಟೋಪಿ ತೆಗೆಯುವ ಮೊದಲೇ ಕೂಗಿದ.

"ಲವೈನಾ! ಏನೇ ಇದು? ದಾರಿಗೊಬ್ಬ ನಿಲ್ಲಿಸಿ 'ಅಂಗಿ ಎಲ್ಲಿ ಸಾಹೇಬ್ರೇ' ಅಂತಾನೆ. ಒಬ್ಬ ಮುದುಕ ಒಳಚಡ್ಡಿ ಅಳತೆ ಕೊಟ್ಟ ನನ್ನ ಕೈಗೆ!"

"ನಿಮ್ಮ ಅಂಗಿ ಟಿಲ್ಸನ್ ಮೈಮೇಲಿದೆ. ಟಿಲ್ಸನ್‌ನ ಟರ್ನಿಪ್ಪು ನಮ್ಮ ಕೋಳಿಗೂಡಲ್ಲಿದೆ. ಕೈಕಾಲು ತೊಳೀರಿ, ಊಟಕ್ಕೆ ಹಾಕ್ತೀನಿ."

ಅವನು ತಲೆ ಮೇಲೆ ಕೈಯಿಟ್ಟುಕೊಂಡು ಕೂತ. "ಮುಗೀತು ಕಣೇ. ಕೊಳೆ ಬಟ್ಟೆ ಸರ್ಕಾರಿ ಅಂಚೇಲಿ ಓಡಾಡ್ತಿದೆ ಅಂತ ಗೊತ್ತಾದ್ರೆ ಕಾವಲುನಾಯಿನ ಕಲ್ಲು ಹೊಡೆದು ಓಡಿಸ್ತಾರೆ. ಸೋತುಬಿಡ್ತೀನಿ."

ಲವೈನಾ ಸೌಟು ಹಿಡಿದುಕೊಂಡೇ ನಿಂತಳು. ಸೋತುಬಿಡ್ತೀನಿ ಎಂಬ ಮಾತು ಅವಳ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಆಲ್ಫಿಯಸ್ ಎದ್ದು ನಿಂತಿದ್ದ. ಅವನ ಮುಖದಲ್ಲಿ ಆಗಲೇ ಭಾಷಣ ಬಂದಿತ್ತು.

"ಇರು. ಅಂಗಿ ಕೊಡ್ತೀನಿ ಅಂದ್ಬಿಡೋಣ. ಮಸೂದೆ ತರ್ತೀನಿ ಅಂತೀನಿ. ಪ್ರತಿಯೊಬ್ಬ ಪ್ರಜೆಗೂ ಒಂದು ಅಂಗಿ."

"ಹೊಲಿಯೋರು ಯಾರು?"

"ಅದು ಗೆದ್ದಮೇಲಿನ ಮಾತು."

ಚುನಾವಣೆಗೆ ಮೊದಲು ನದಿ ದಂಡೆಯಲ್ಲಿ ಇಡೀ ಎತ್ತು ಸುಟ್ಟು ಊಟ ಹಾಕುವುದು ನಮ್ಮ ಕಡೆ ಪದ್ಧತಿ. ಗಂಡಸರು ತಿಂದು ಕುಡಿದು ಭಾಷಣ ಕೇಳುತ್ತಾರೆ, ಹೆಂಗಸರು ಬಡಿಸುತ್ತಾರೆ. ಆಲ್ಫಿಯಸ್ ಮರದ ಬೊಡ್ಡೆಯ ಮೇಲೆ ಹತ್ತಿ ನಿಂತು, ಸ್ವತಂತ್ರ ದೇಶದ ಪ್ರಜೆಯ ಬೆನ್ನು ಚಳಿಯಲ್ಲಿ ಬರಿದಾಗಿರುವುದನ್ನು ನೋಡಿ ತನಗೆ ನಿದ್ದೆ ಬರುತ್ತಿಲ್ಲ ಎಂದ. ಪ್ರತಿಯೊಬ್ಬನಿಗೂ ಒಂದು ಅಂಗಿ ಎಂದ.

"ಎರಡು!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಎರಡು!" ಎಂದ ಆಲ್ಫಿಯಸ್.

"ಟಿಲ್ಸನ್‌ಗೆ ನಾಲ್ಕು ಸಿಕ್ಕಿದೆ!"

"ನಾಲ್ಕು!"

ಲವೈನಾ ಹುರುಳಿಕಾಯಿಯ ಪಾತ್ರೆ ಕೆಳಗಿಟ್ಟಳು. ಗಂಡನ ಮೇಲೆ ಅವಳಿಗೆ ದ್ವೇಷವಿರಲಿಲ್ಲ, ದೇಶದ ಖಜಾನೆಯ ಮೇಲೆ ಪ್ರೀತಿಯೂ ಇರಲಿಲ್ಲ. ಸತ್ಯ ಹೇಳಿದರೆ ಅವನು ಸೋಲುತ್ತಾನೆ, ಸೋತರೆ ಮನೆಗೆ ಬರುತ್ತಾನೆ. ಅವಳ ಲೆಕ್ಕ ಇಷ್ಟೇ. ಹೆಂಗಸು ಗಂಡಸರ ಸಭೆಯಲ್ಲಿ ಬಾಯಿ ತೆರೆಯಬಾರದು ಎಂದು ಪಾದ್ರಿ ವಾರವಾರವೂ ಹೇಳುತ್ತಿದ್ದ. ಅವಳು ಬೆಂಚು ಹತ್ತಿ ನಿಂತಳು.

"ಸರ್ಕಾರ ಅಂಗಿ ಕೊಡ್ತಿಲ್ಲ ಕಣ್ರಪ್ಪಾ. ಓಬದ್ ಹಾಕ್ಕೊಂಡಿರೋದು ನಮ್ಮೆಜಮಾನ್ರ ಕೊಳೆ ಅಂಗಿ. ಆರು ವರ್ಷದಿಂದ ಅಂಚೇಲಿ ಬರುತ್ತೆ, ನಾನು ಒಗೆದು ಅಂಚೇಲೇ ಕಳಿಸ್ತೀನಿ. ಒಂದು ಕಾಸೂ ಕೊಟ್ಟಿಲ್ಲ. ಆ ಎದೆ ಮೇಲಿನ ಕಲೆ ಸಿಂಪಿ ಸಾರಿಂದು. ಬಿಸ್ಕತ್ತು ಗಿಣ್ಣು ಎಲ್ಲಾ ಸುಳ್ಳು."

ಆಲ್ಫಿಯಸ್ ಬೊಡ್ಡೆಯ ಮೇಲೆ ಸುಣ್ಣದ ಬಣ್ಣಕ್ಕೆ ತಿರುಗಿದ. ಎಲ್ಲರೂ ಓಬದ್‌ನ ಕಡೆ ನೋಡಿದರು. ಓಬದ್ ತನ್ನ ಎದೆ ನೋಡಿಕೊಂಡ.

"ಹಂಗಾದ್ರೆ ಕರ್ನಲಮ್ಮಾ, ಬರೋಕೂ ಕಾಸಿಲ್ಲ, ಹೋಗೋಕೂ ಕಾಸಿಲ್ಲ?"

"ಇಲ್ಲ."

"ಆರು ವರ್ಷ?"

"ಆರು ವರ್ಷ."

"ಅಲ್ಲಿನ ದೊಡ್ಡ ದೊಡ್ಡ ಮನುಷ್ಯರು, ಓದ್ಕೊಂಡಿರೋರು, ಒಬ್ರಿಗೂ ಗೊತ್ತಾಗ್ಲಿಲ್ಲ?"

"ಗೊತ್ತಾಗ್ಲಿಲ್ಲ."

ಓಬದ್ ತೊಡೆ ತಟ್ಟಿದ. "ಅಬ್ಬಬ್ಬಬ್ಬಾ! ಇವನಪ್ಪಾ ಗಂಡು! ಇಷ್ಟು ದಿನ ಇವನಿಗೆ ವೋಟು ಹಾಕ್ದೇ ಇದ್ನಲ್ಲಾ, ನನ್ನ ಬುದ್ಧಿಗೆ ಬೆಂಕಿ ಬೀಳ! ವಾಷಿಂಗ್ಟನ್‌ನವರು ನಮ್ಮನ್ನ ಸುಲಿಯೋದು ನೋಡಿದೀನಿ. ಅವರನ್ನೇ ಸುಲಿದೋನನ್ನ ಇವತ್ತು ನೋಡಿದೆ. ಇಂಥೋನು ಬೇಕು ಕಣ್ರಯ್ಯಾ ನಮಗೆ ಅಲ್ಲಿ!"

ಊರಿಗೆ ಊರೇ ಹುಚ್ಚೆದ್ದು ಕೂಗಿತು. ಆಲ್ಫಿಯಸ್‌ನನ್ನು ಹೆಗಲ ಮೇಲೆ ಹೊತ್ತುಕೊಂಡು ಎತ್ತು ಸುಡುವ ಗುಂಡಿಯ ಸುತ್ತ ಕುಣಿದರು. ಅವನೂ ಕಡಿಮೆಯವನಲ್ಲ. ಮೇಲೆ ಕೂತಲ್ಲಿಂದಲೇ, ಅಗಸಗಿತ್ತಿಗೆ ಕೊಡಲು ಗತಿಯಿಲ್ಲದ ಬಡ ಜೀನುಗಾರನ ಕಥೆ ಹೇಳಿ ಕಣ್ಣೊರೆಸಿಕೊಂಡ. ಅಂಗಿ ಮಸೂದೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಅವನಂತೂ ಎತ್ತಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹಿಂದೆಂದೂ ಯಾರಿಗೂ ಬೀಳದಷ್ಟು ವೋಟು ಅವನಿಗೆ ಬಿತ್ತು. ಹೊರಡುವ ದಿನ ಹೆಂಡತಿಯ ಭುಜ ತಟ್ಟಿ, "ನೀನು ಹೆಂಗಸಾಗಿ ಹುಟ್ಟಿದ್ದು ದೇಶಕ್ಕೆ ನಷ್ಟ" ಅಂದ. ಅವಳು ಅಡುಗೆಮನೆಗೆ ಹೋಗಿ ಮನಸಾರೆ ಅತ್ತಳು.

ಅತ್ತು ಮುಗಿಸಿದ ಮೇಲೆ ಹಠ ಹುಟ್ಟಿತು. ಮುಂದಿನ ಕಟ್ಟು ಬಂದಾಗ ಅವಳು ಅದನ್ನು ಬಿಚ್ಚಲೇ ಇಲ್ಲ. ಬಂದದ್ದನ್ನು ಬಂದ ಹಾಗೇ ತಿರುಗಿಸಿ ಕಳಿಸಿದಳು. ಕೊಳಕು ಅಂಗಿಯಲ್ಲಿ ಸಭೆಗೆ ಹೋಗಿ ನಗೆಪಾಟಲಾಗಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡಳು. ಏನಾಯಿತು? ಒಗೆದ ಅಂಗಿ ಇಲ್ಲದ ಆಲ್ಫಿಯಸ್ ಮಸಿ ಹಿಡಿದ ಕೊರಳಪಟ್ಟಿಯಲ್ಲೇ ಎದ್ದು ನಿಂತು, ಬಡವರ ಪರವಾಗಿ ಗುಡುಗಿದ. ವಾಷಿಂಗ್ಟನ್ ಕಡೆಯ ಪತ್ರಿಕೆಗಳು 'ಕೊಳೆ ಕೊರಳಿನ ಸಿಂಹ' ಎಂದು ಅವನ ಚಿತ್ರ ಹಾಕಿದವು. ಹ್ಯಾಕ್ಬರಿಯ ಹುಡುಗರು ಕೊರಳು ತೊಳೆಯುವುದನ್ನು ಬಿಟ್ಟರು, ಅವರ ತಾಯಂದಿರು ಲವೈನಾಳನ್ನು ಬೈದರು. ಕೊನೆಗೆ ಅವನೇ ಸ್ಪಿಟ್ಲರನ ಮೂಲಕ ಹೇಳಿಕಳಿಸಿದ: ಬಹಳ ಒಳ್ಳೆಯದಾಯಿತು, ಇನ್ನು ಮೇಲೂ ಒಗೆಯಬೇಡ. ಹೆಂಡತಿಯ ಮುಷ್ಕರವನ್ನೂ ತನ್ನ ಕೆಲಸಕ್ಕೆ ಹಚ್ಚಿಕೊಂಡ ಮನುಷ್ಯನಿಗೆ ಏನು ಹೇಳುವುದು? ಅವನನ್ನು ಗವರ್ನರ್ ಮಾಡಬೇಕು ಎಂಬ ಮಾತು ಆಗಲೇ ಸಾರಾಯಂಗಡಿಗಳಲ್ಲಿ ಓಡಾಡುತ್ತಿತ್ತು.

ಎರಡು ವರ್ಷ ಕಳೆದು ಮತ್ತೆ ಚುನಾವಣೆ ಬರುವ ಬೇಸಿಗೆಯಲ್ಲಿ ಲವೈನಾ, ಪರ್ಸಿಸ್ ಇಬ್ಬರೂ ಕೋರ್ಟು ಬಯಲಿನ ಕುದುರೆ ವ್ಯಾಪಾರ ನೋಡುತ್ತಾ ನಿಂತಿದ್ದರು. ಓಬದ್‌ಗೆ ಕುದುರೆ ಬೇಕಾಗಿತ್ತು. ಒಬ್ಬ ತನ್ನ ಕಂದು ಕುದುರೆಯನ್ನು ಸಾಧು, ಬಲಶಾಲಿ, ಮಗುವಿನ ಹಾಗೆ ಮಾತು ಕೇಳುತ್ತದೆ ಎಂದು ಹೊಗಳಿದ. ಓಬದ್ ಅದರ ಹಲ್ಲನ್ನೂ ನೋಡದೆ ಮುಂದೆ ಹೋದ. ಇನ್ನೊಬ್ಬ, "ಇದಕ್ಕೆ ಒಂದು ಕಣ್ಣು ಕಾಣ್ಸಲ್ಲ, ಕಚ್ತದೆ, ಮಳೇಲಿ ಹಟ ಮಾಡ್ತದೆ" ಅಂದ. ಓಬದ್ ಅದನ್ನು ಕೊಂಡ.

"ಯಾಕ್ರೀ ಆ ಕಂದು ಕುದುರೆ ಬಿಟ್ರಿ?" ಎಂದಳು ಪರ್ಸಿಸ್.

"ಅಷ್ಟು ಹೊಗಳ್ತಾನೆ ಅಂದ್ರೆ ಏನೋ ಐಬು ಮುಚ್ಚಿಡ್ತಾವ್ನೆ ಕಣೇ. ಇದರ ಐಬು ನಂಗೊತ್ತು."

ಲವೈನಾ ಪರ್ಸಿಸ್‌ಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ವರ್ಷ ಈ ಜನರ ನಡುವೆ ಬಾಳಿ ತನಗೆ ಇದು ಹೊಳೆಯಲಿಲ್ಲವಲ್ಲ! ಐಬು ಹೇಳಿ ಹೇಳಿ ಅವಳು ಗಂಡನನ್ನು ಮಾರಿದ್ದಳು.

"ಪರ್ಸಿಸ್, ಗುರುವಾರ ಕೌದಿ ಹೊಲಿಯೋಕೆ ಎಲ್ರನ್ನೂ ನಮ್ಮನೆಗೆ ಕರಿ. ನಾನು ನಮ್ಮೆಜಮಾನ್ರನ್ನ ಒಂಚೂರು ಹೊಗಳಬೇಕು."

ಪರ್ಸಿಸ್ ಅವಳ ಮುಖ ನೋಡಿದಳು, ಕುದುರೆಯ ಮುಖ ನೋಡಿದಳು, ಸೆರಗಿಲ್ಲದ ನಮ್ಮ ಹೆಂಗಸರು ಮಾಡುವಂತೆ ಟೋಪಿಯ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಗುರುವಾರ ಕೌದಿಯ ಸುತ್ತ ಕೂತ ಹೆಂಗಸರಿಗೆ ಲವೈನಾ ಕುಂಬಳಕಾಯಿ ಪೈ ಬಡಿಸಿ, ನಿಟ್ಟುಸಿರು ಬಿಟ್ಟು ಶುರು ಮಾಡಿದಳು. "ಏನು ಹೇಳ್ಲಿ, ಎಂಥಾ ಗಂಡನ್ನ ಕೊಟ್ಟ ದೇವರು ನನಗೆ! ಈಗ ಅಂಚೆಗೆಲ್ಲ ಸ್ವಂತ ಕಾಸೇ ಕೊಡೋದು. ಜನರ ದುಡ್ಡು ಮುಟ್ಟಿದ್ರೆ ಪಾಪ ಅಂತಾರೆ. ಬೀಜ ಹಂಚೋದೂ ದಂಡದ ಖರ್ಚೇ, ನಿಲ್ಲಿಸಬೇಕು ಅಂತಿದಾರೆ. ವಿಸ್ಕಿ ವಾಸನೆ ಕಂಡ್ರೆ ಆಗಲ್ಲ, ಟೀ ಕುಡೀತಾರೆ. ದಿನಾ ಸಂಜೆ ಲ್ಯಾಟಿನ್ ಓದ್ತಾರೆ. ದಿನಾ ಸ್ನಾನ ಮಾಡ್ತಾರೆ."

"ದಿನಾನಾ?" ಎಂದು ಕೌದಿಯ ಆ ಬದಿಯಿಂದ ಒಬ್ಬಳು ಸೂಜಿ ನಿಲ್ಲಿಸಿದಳು.

"ಚಳಿಗಾಲದಲ್ಲೂ!" ಎಂದಳು ಪರ್ಸಿಸ್, ತಾನೇ ನೀರು ಕಾಯಿಸಿ ಕೊಟ್ಟವಳ ಹಾಗೆ.

ಅಷ್ಟು ಸಾಕಾಯಿತು. ಶನಿವಾರದ ಹೊತ್ತಿಗೆ ಕಮ್ಮಾರನ ಕುಲುಮೆಯ ಮುಂದೆ ಗಂಡಸರು ಇದನ್ನೇ ಮೆಲುಕು ಹಾಕುತ್ತಿದ್ದರು. ನಮ್ಮ ಕಾಸಿನಲ್ಲಿ ಅಂಗಿ ಒಗೆಸಿಕೊಂಡಾಗ ನಮ್ಮವನಾಗಿದ್ದ, ಈಗ ನಮಗಿಂತ ಮೇಲಾದ ಎಂದು ಅವರ ಹೊಟ್ಟೆ ಉರಿಯಿತು. ಆಲ್ಫಿಯಸ್ ಊರಿಗೆ ಬಂದು ಬೊಡ್ಡೆ ಹತ್ತಿದಾಗ ಒಬ್ಬನೂ ಟೋಪಿ ಎತ್ತಲಿಲ್ಲ.

"ಸಾಹೇಬ್ರೇ, ದಿನಾ ಸ್ನಾನ ಮಾಡ್ತೀರಂತೆ, ನಿಜವಾ?" ಎಂದು ಓಬದ್ ಕೇಳಿದ.

"ಯಾವನೋ ಹೇಳಿದ್ದು? ಶುದ್ಧ ಸುಳ್ಳು!"

"ಅಂಚೆಗೆ ಸ್ವಂತ ದುಡ್ಡು ಕೊಡ್ತೀರಂತೆ?"

"ನಾನು? ಒಂದು ಕಾಸೂ ಕೊಟ್ಟೋನಲ್ಲ! ದೇವರಾಣೆ!" ಎಂದು ಆಲ್ಫಿಯಸ್ ಎದೆ ಬಡಿದುಕೊಂಡ. ತನ್ನ ಬದುಕಿನಲ್ಲಿ ಅವನು ಬೊಡ್ಡೆಯ ಮೇಲೆ ನಿಂತು ಹೇಳಿದ ಮೊದಲ ಸತ್ಯ ಅದು.

"ನೋಡಿದ್ರಾ," ಎಂದ ಓಬದ್ ಪಕ್ಕದವನಿಗೆ, "ವಿನಯ ಬೇರೆ ಕಲ್ತವ್ನೆ."

ಎದುರಾಳಿಯಾಗಿ ಹರಾಜು ಕೂಗುವ ಸೈಲಸ್ ಡೋಟಿ ನಿಂತಿದ್ದ. ಹಿಂದೆ ಹಂದಿ ಕದ್ದು ಜೈಲಿಗೆ ಹೋಗಿ ಬಂದವನು. ಕದ್ದದ್ದು ಒಂದಲ್ಲ, ಎರಡು ಎಂದು ಅವನೇ ಬೊಡ್ಡೆಯ ಮೇಲೆ ನಿಂತು ಸರಿಪಡಿಸಿದ. ಜನ ಅವನನ್ನು ತಬ್ಬಿಕೊಂಡರು. ಆಲ್ಫಿಯಸ್ ಗ್ರಿಂಡಲ್ ಸೋತ.

ಸೋತವನೂ ಮುಂದಿನ ಮಾರ್ಚಿ ತಿಂಗಳವರೆಗೆ ಸಭೆಯಲ್ಲಿ ಕೂತು ದೇಶದ ಕಾನೂನು ಮಾಡಬಹುದು ಎಂಬುದು ನಮ್ಮ ಹಿರಿಯರ ವ್ಯವಸ್ಥೆ. ಅದನ್ನೂ ಮುಗಿಸಿಕೊಂಡು, ನದಿಯ ಮಂಜು ಕರಗಿದ ಮೇಲೆ ಅವನು ಮನೆಗೆ ಬಂದ. ಲವೈನಾ ಬಾಗಿಲಲ್ಲಿ ನಿಂತು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. ಎಂಟು ವರ್ಷದ ಮೇಲೆ ಗಂಡ ಪೂರ್ತಿ ಮನೆಗೆ ಬಂದಿದ್ದ. ಜೀನಿನ ಅಂಗಡಿಯನ್ನು ಗುಡಿಸಿ ಒರೆಸಿ, ಅವನ ಕುರ್ಚಿಯ ಎದುರು ತನ್ನ ಕುರ್ಚಿ ಹಾಕಿಟ್ಟಿದ್ದಳು.

ಅವನು ಅಂಗಡಿಯ ಕಡೆ ತಲೆಹಾಕಲಿಲ್ಲ. ಊಟಕ್ಕೆ ಮೊದಲಿನ ಪ್ರಾರ್ಥನೆ ಹೇಳಲು ಎದ್ದು ನಿಂತವನು ಹಂದಿಮಾಂಸ ಆರುವ ತನಕ ಮಾತಾಡಿದ. ಉಪ್ಪು ಬೇಕಾದರೂ ಕೈ ಮೇಲೆತ್ತಿ ಕೇಳುತ್ತಿದ್ದ. ಅವಳು ಕಷ್ಟಸುಖ ಹೇಳಲು ಹೋದರೆ ಅವಳ ತಲೆಯ ಮೇಲಿಂದ ಹಿಂದೆ ಎಲ್ಲೋ ನೋಡುತ್ತಿದ್ದ, ಅಲ್ಲಿ ಐನೂರು ಜನ ನಿಂತಿದ್ದಾರೆ ಅನ್ನುವ ಹಾಗೆ. ಪಾಪ, ಅವನ ತಪ್ಪೂ ಅಲ್ಲ. ಬಳಕೆ ತಪ್ಪಿಹೋಗಿತ್ತು.

ಒಂದು ಸೋಮವಾರ ಬೆಳಗ್ಗೆ ಅವಳು ಹಿ‌ತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಸಣ್ಣ ದನಿಯಲ್ಲಿ ಕೇಳಿದ.

"ಇನ್ನು ನನ್ನ ಮಾತು ಯಾರೇ ಕೇಳ್ತಾರೆ?"

ಅವಳು ಉಜ್ಜುವುದನ್ನು ನಿಲ್ಲಿಸಿದಳು. "ನಾನಿದ್ದೀನಲ್ಲಾ. ಹೇಳಿ, ಕೇಳ್ತೀನಿ."

ಅವನು ಅವಳನ್ನು ಕನಿಕರದಿಂದ ನೋಡಿದ. "ನಿನಗೆ ವೋಟಿಲ್ಲವಲ್ಲೇ, ಲವೈನಾ."

ಕೈಯಲ್ಲಿದ್ದ ಅಂಗಿಯನ್ನು ಅವಳು ನೀರಿಗೆ ಬಿಟ್ಟಳು. ಎಂಟು ವರ್ಷದ ಸಿಟ್ಟು ಒಂದೇ ಸಲಕ್ಕೆ ಹೊರಗೆ ಬಂತು.

"ವೋಟಿಲ್ಲ. ಆದ್ರೆ ನಿಮ್ಮನ್ನ ಸೋಲಿಸಿದ್ದು ಡೋಟಿ ಅಲ್ಲ ಕಣ್ರೀ. ನಾನು."

ಅವನು ಬಯ್ಯುತ್ತಾನೆ ಎಂದುಕೊಂಡಿದ್ದಳು. ಅಳುತ್ತಾನೆ ಅಂತಲೂ ಅನಿಸಿತ್ತು. ಅವನು ಮೆಟ್ಟಿಲಿಂದ ಎದ್ದು ಬಂದ. ಬಕೆಟ್ಟು ಬೋರಲು ಹಾಕಿಕೊಂಡು ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಅವನ ಕಣ್ಣುಗಳು ಮಿಂಚುತ್ತಿದ್ದವು, ಮುಖ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. ಅವಳ ಒದ್ದೆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ನೀನಾ? ಹೆಂಗೆ? ಹೇಳೇ, ಒಂದೊಂದಾಗಿ ಹೇಳು. ಯಾರ ಹತ್ರ ಏನಂದೆ?" ಅವನ ದನಿಯಲ್ಲಿ ನಗು ಉಕ್ಕುತ್ತಿತ್ತು. "ಕೆಳಗಿಳಿಸೋಕೆ ಬಂದ್ರೆ ಮೇಲೆ ಹತ್ತಿಸೋಕೂ ಬರುತ್ತೆ ಕಣೇ! ಮುಂದಿನ ವರ್ಷ ಗವರ್ನರ್ ಚುನಾವಣೆ ಇದೆ. ನೀನು, ನಾನು, ಇಬ್ರೂ ಕೂತು ಯೋಚನೆ ಮಾಡಿದ್ರೆ... ಹೇಳೇ!"

ಲವೈನಾ ಅವನ ಮುಖವನ್ನೇ ನೋಡಿದಳು. ಅವನು ಅವಳ ತಲೆಯ ಮೇಲಿಂದ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವಳ ಬಾಯಿಂದ ಬರುವ ಮುಂದಿನ ಮಾತಿಗೆ ಕಾಯುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಈ ಮನುಷ್ಯನೇ. ಹೇಳಿದರೆ ಒಂದು ವರ್ಷ ದಿನವೂ ಹೀಗೆ ಎದುರು ಕೂರುತ್ತಾನೆ, ಆಮೇಲೆ ಹೋಗಿಬಿಡುತ್ತಾನೆ. ಹೇಳದಿದ್ದರೆ ಇಲ್ಲೇ ಇರುತ್ತಾನೆ.

"ತಮಾಷೆಗೆ ಅಂದೆ ಕಣ್ರೀ," ಎಂದಳು. "ನನ್ನಂಥೋಳ ಮಾತು ಯಾರು ಕೇಳ್ತಾರೆ?"

ಅವನ ಮುಖದ ಬೆಳಕು ಆರಿತು. ಅವಳ ಕೈ ಬಿಟ್ಟು ತನ್ನ ಕೈಯನ್ನು ಷರಾಯಿಗೆ ಒರೆಸಿಕೊಂಡ.

"ಅದೇ ಮತ್ತೆ, ನಾನೂ ಅಂದ್ಕೊಂಡೆ," ಎಂದು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತ.

ಅವಳು ನೀರಿನಲ್ಲಿ ಕೈಯಾಡಿಸಿ ಅವನ ಅಂಗಿಯನ್ನು ಹುಡುಕಿ ತೆಗೆದು, ಹಿಂಡಿ, ಹಗ್ಗದ ಮೇಲೆ ಹರವಿದಳು.